ನಿಂತಲ್ಲೇ ನಿಲ್ಲುವ ಮೋಡ

ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಮಲಂಗಗಡವೂ ಮಾಥೇರಾನಿನ ಸಾಲೂ ನಿತ್ಯದರ್ಶನದ ವಸ್ತುಗಳು. ಅವುಗಳ ಮೇಲಣ ಮೋಡಗಳನ್ನು ನಾವು ಮಳೆಯ ಸೂಚನೆಗಾಗಿ ಮಾತ್ರ ನೋಡುತ್ತೇವೆ. ಆದರೆ ಮಳೆಯನ್ನಲ್ಲ, ಕಣ್ಣಿಗೆ ಕಾಣದ ಗಾಳಿಯ ಆಕಾರವನ್ನು ತಿಳಿಸುವ ಮೋಡವೊಂದುಂಟು. ಅದೇ ಮಸೂರಮೇಘ. ಮಸೂರವೆಂದರೆ ನಮ್ಮ ಅಡಿಗೆಮನೆಯ ಚನ್ನಂಗಿ ಬೇಳೆಯೇ. ನಡು ಉಬ್ಬಿ ಅಂಚು ತೆಳುವಾದ ಆ ಕಾಳಿನ ಆಕೃತಿಯೇ ಈ ಹೆಸರಿಗೆ ಕಾರಣ.

ಹೊಳೆಯ ನೀರು ಮುಳುಗಿದ ಬಂಡೆಯನ್ನು ದಾಟಿದೊಡನೆ ಏರಿಳಿಯುತ್ತ ಸಾಗುವುದನ್ನು ಯಾರು ಕಂಡಿಲ್ಲ? ಬೆಟ್ಟವನ್ನು ದಾಟಿದ ಗಾಳಿಯೂ, ವಾಯುಸ್ತರಗಳು ಸ್ಥಿರವಾಗಿದ್ದರೆ, ಹಾಗೆಯೇ ಅಲೆಯಾಗುತ್ತದೆ. ಏರುವ ಗಾಳಿ ತಣಿದು ಅದರ ತೇವ ಹನಿಯಾಗುತ್ತದೆ; ಇಳಿಯುವಾಗ ಹನಿ ಕರಗುತ್ತದೆ. ಗಾಳಿ ರಭಸದಿಂದ ಹರಿಯುತ್ತಿದ್ದರೂ ಅಲೆಯ ನೆತ್ತಿಯ ಮೋಡ ಕದಲುವುದಿಲ್ಲ.

ಎಂಜಿನಿಲ್ಲದ ಗ್ಲೈಡರಿನ ಚಾಲಕನಿಗೆ ಈ ಮೋಡ ನಿಧಿಯ ಗುರುತು. ಗಾಳಿಗೆದುರಾದ ಅಂಚಿನ ಮುಂದೆ ನಿಂತರೆ ಗಾಳಿಯೇ ಅವನನ್ನು ನುಣುಪಾಗಿ ಎತ್ತುತ್ತದೆ. ಜರ್ಮನ್ ಚಾಲಕ ವುಲ್ಫ್ ಹಿರ್ತ್ 1933ರಲ್ಲಿ ಇಂಥ ಅಲೆಯನ್ನೇರಿದನು. 2018ರ ಸೆಪ್ಟೆಂಬರ್ 2ರಂದು ಪರ್ಲಾನ್-2 ಎಂಬ ಗ್ಲೈಡರು ಆಂಡೀಸ್ ಪರ್ವತಗಳ ಅಲೆಯಿಂದ 22 ಕಿಲೋಮೀಟರಿಗೂ ಮಿಕ್ಕ ಎತ್ತರವನ್ನು ಮುಟ್ಟಿತು. ಆದರೆ ಎತ್ತುವ ಗಾಳಿಯೇ ಮುರಿಯಲೂ ಬಲ್ಲುದು. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಬಳಿ ಪ್ರಯಾಣಿಕ ವಿಮಾನವೊಂದು ಅಲೆಗಾಳಿಯ ಪ್ರಕ್ಷೋಭಕ್ಕೆ ಸಿಕ್ಕಿ ಒಡೆದು 124 ಮಂದಿ ಮಡಿದರು. ಅಂದು ಆಕಾಶ ಶುಭ್ರವಾಗಿತ್ತು; ಎಚ್ಚರಿಸಲು ಮೋಡವಿರಲಿಲ್ಲ.

ನಮ್ಮ ಸಹ್ಯಾದ್ರಿಯಲ್ಲಿಯೂ ಅಲೆಗಳೇಳುತ್ತವೆ. ಹವಾಮಾನಶಾಸ್ತ್ರಜ್ಞ ಆರ್. ಪಿ. ಸರ್ಕರ್ 1965ರಲ್ಲಿ ಅವುಗಳನ್ನು ಗಣಿತರೀತ್ಯಾ ವಿವೇಚಿಸಿದರು. ಮಳೆಗಾಲದ ಪಡುಗಾಳಿ ಘಟ್ಟವನ್ನು ದಾಟಿದ ಮೇಲೆ, ಎಂದರೆ ಪುಣೆಯ ಕಡೆಗೆ, ಅಲೆಯಾಗುತ್ತದೆ. ಸುಮಾರು 6 ಕಿಲೋಮೀಟರಿನಾಚೆ ಗಾಳಿಯ ದಿಕ್ಕೇ ತಿರುಗುವುದರಿಂದ ಅದು ಇನ್ನೂ ಮೇಲಕ್ಕೆ ಏರಲಾರದು. ಮಳೆಮೋಡಗಳ ಮುಸುಕು ಬೇರೆ. ಚಳಿಗಾಲದಲ್ಲಿ ಮೂಡಗಾಳಿ ಘಟ್ಟವಿಳಿಯುವಾಗ ಕಲ್ಯಾಣ, ಠಾಣೆ, ನವಿ ಮುಂಬಯಿಗಳು ಬೆಟ್ಟದ ಮರೆಗೆ ಬರುತ್ತವೆ. ಆದರೆ ಆ ಗಾಳಿ ಒಣಗಿದುದು. ಅಲೆಯಿದ್ದರೂ ಮೋಡ ಮೂಡದಿರಬಹುದು. ಆದುದರಿಂದಲೇ ಇಲ್ಲಿ ಮಸೂರಮೇಘದ ದರ್ಶನ ವಿರಳ.

ಅದನ್ನು ಗುರುತಿಸುವುದು ಸುಲಭ. ಶಿಖರಕ್ಕೆ ಟೋಪಿಯಂತೆ ಅಂಟಿಕೊಂಡ ಮೋಡ ಅದಲ್ಲ. ಮಸೂರಮೇಘ ಬಯಲಿನಲ್ಲಿ ಒಂಟಿಯಾಗಿ ನಿಲ್ಲುವುದು. ಮೋಡದ ಅಂಚನ್ನು ಯಾವುದಾದರೂ ಕಟ್ಟಡದ ಮೂಲೆಗೆ ಹೊಂದಿಸಿ ಹತ್ತು ನಿಮಿಷ ಕಾಯಬೇಕು. ಉಳಿದ ಮೋಡಗಳು ಸರಿದುಹೋದರೂ ಅದು ಅಲ್ಲಿಯೇ ಇದ್ದರೆ, ಗಾಳಿಯ ಅಲೆಯನ್ನೇ ಕಂಡಂತಾಯಿತು. ಇದೇ ಸಹ್ಯಾದ್ರಿ ನಮ್ಮ ಮಲೆನಾಡಿನವರೆಗೂ ಹಬ್ಬಿದೆ. ರಜೆಯಲ್ಲಿ ಊರಿಗೆ ಹೋದಾಗಲೂ ವಾಚಕರು ಒಮ್ಮೆ ತಲೆಯೆತ್ತಿ ನೋಡಬಹುದು.