ಡಬಲ್ಸ್ ಗಾಡಿಯಿಂದ ರೊಟ್ಟಿ ಅಂಗಡಿಯವರೆಗೆ

ಟ್ರಿನಿಡಾಡ್‌ನಲ್ಲಿ ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತದೆ ಎಂದು ಹೋಟೆಲಿನಲ್ಲಿ ಕೇಳಿದರೆ ಕಡಲ ಕಡೆಗೆ ಕೈ ತೋರಿಸುತ್ತಾರೆ. ಟ್ಯಾಕ್ಸಿಯವರನ್ನು ಕೇಳಿದರೆ ಸಂತೆಗೆ ಕರೆದೊಯ್ಯುತ್ತಾರೆ. ನಾನು ಟ್ಯಾಕ್ಸಿಯವರ ಮಾತು ಕೇಳಿದೆ. ದ್ವೀಪದ ನಡುಭಾಗದ ಒಂದು ಊರು, ಡಿಸೆಂಬರಿನ ಬೆಳಿಗ್ಗೆ, ಬಿಸಿಲು ಇನ್ನೂ ಏರಿರಲಿಲ್ಲ.

ಮಾರುಕಟ್ಟೆಯ ಗೇಟಿನ ಹೊರಗೆ ದೊಡ್ಡ ಕೊಡೆಯ ಕೆಳಗೆ ಡಬಲ್ಸ್ ಗಾಡಿ ನಿಂತಿತ್ತು. ಕೆಲಸಕ್ಕೆ ಹೊರಟವರು, ಬ್ಯಾಗು ಹೆಗಲಿಗೇರಿಸಿದ ಮಕ್ಕಳು ಸುತ್ತ ನೆರೆದಿದ್ದರು. ಗಾಡಿಯಾಕೆ ಬಟ್ಟೆ ಹೊದಿಸಿದ ಪೆಟ್ಟಿಗೆಗೆ ಕೈಹಾಕಿ ಎರಡು ಬಾರಾ ತೆಗೆದರು. ಮೈದಾಹಿಟ್ಟಿಗೆ ಅರಿಸಿನ ಬೆರೆಸಿ, ಹುದುಗಿಸಿ, ಕರಿದ ತೆಳ್ಳನೆಯ ಮೆತ್ತಗಿನ ರೊಟ್ಟಿ ಅದು. ಎಣ್ಣೆಕಾಗದದ ಮೇಲೆ ಒಂದರ ಅಂಚಿಗೆ ಇನ್ನೊಂದು ಬರುವಂತೆ ಹಾಸಿ, ಒಂದು ಚಮಚ ಕಾಬೂಲಿ ಕಡಲೆಯ ಪಲ್ಯ ಹಾಕಿದರು. ಮೇಲೆ ಹುಣಿಸೆ ಚಟ್ನಿ, ಸೌತೆಕಾಯಿ ತುರಿ, ಮಾವಿನಕಾಯಿಯ ಕುಚೇಲಾ. ಕಾಗದದ ತುದಿ ತಿರುಚಿದರೆ ಮುಗಿಯಿತು. ಗಿರಾಕಿಗಳು ‘ಟೂ, ಸ್ಲೈಟ್’ ಎಂದಷ್ಟೇ ಹೇಳುತ್ತಿದ್ದರು. ಎರಡು ಕೊಡಿ, ಖಾರ ತುಸುವೇ ಇರಲಿ ಎಂದು ಅರ್ಥ. ನಾನೂ ಹಾಗೆಯೇ ಕೇಳಿದೆ. ಸ್ಕಾಚ್ ಬಾನೆಟ್ ಮೆಣಸಿನಕಾಯಿಯ ದ್ವೀಪದಲ್ಲಿ ‘ತುಸು’ ಧಾರಾಳವಾಗಿ ಸಾಕು.

ನಿಂತೇ ತಿನ್ನಬೇಕು, ಬಾರಾ ಹರಿದು ಅದರಲ್ಲೇ ಕಡಲೆ ಬಳಿದು. ಕಡಲೆ ಬೆಣ್ಣೆಯಂತೆ ಬೆಂದಿತ್ತು. 1845ರಿಂದ 1917ರವರೆಗೆ ಕಬ್ಬಿನ ಗದ್ದೆಗಳ ಕೂಲಿಗೆಂದು ಭಾರತದಿಂದ 1,40,000ಕ್ಕೂ ಹೆಚ್ಚು ಜನರನ್ನು ಇಲ್ಲಿಗೆ ತಂದರು. ಬಹುಪಾಲು ಜನ ಇಂದಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಮದ್ರಾಸಿನಿಂದ ಹಡಗು ಹತ್ತಿದವರೂ ಇದ್ದರು. ಕಡಲೆ, ಜೀರಿಗೆ, ಅರಿಸಿನದ ರುಚಿ ಅವರೊಂದಿಗೆ ಬಂತು. ಡಬಲ್ಸ್ ಮಾತ್ರ ಅವರು ತಂದ ತಿಂಡಿಯಲ್ಲ, 1930ರ ದಶಕದಲ್ಲಿ ದಕ್ಷಿಣದ ಪ್ರಿನ್ಸಸ್ ಟೌನ್ ಕಡೆ ಹುಟ್ಟಿದ್ದು ಎನ್ನುತ್ತಾರೆ. ತಿಂದ ಮೇಲೆ ಬಾಯಲ್ಲಿ ಒಂದು ಹಸಿರು ಘಮ ಉಳಿಯಿತು. ಕೊತ್ತಂಬರಿ ಸೊಪ್ಪು ಅಂದುಕೊಂಡರೆ ಅದಕ್ಕಿಂತ ಕಟು. ಏನದು, ಗೊತ್ತಾಗಲಿಲ್ಲ.

ಗೇಟು ದಾಟಿದರೆ ಸೊಪ್ಪಿನ ಸಾಲು. ಅಲ್ಲಿ ಆ ಘಮ ಸಿಕ್ಕಿತು. ಅಂಚಿಗೆ ಮುಳ್ಳುಮುಳ್ಳಾದ, ಬೆರಳಿಗಿಂತ ಉದ್ದದ ಎಲೆಗಳ ಕಟ್ಟು. ಹೆಸರು ಶಾಡೋ ಬೆನಿ. ಇದು ಅಮೆರಿಕ ಖಂಡದ ಗಿಡ. ಹಡಗಿನಲ್ಲಿ ಬಂದ ಅಡುಗೆ ಇಲ್ಲಿನ ಸೊಪ್ಪನ್ನು ತನ್ನದಾಗಿಸಿಕೊಂಡಿದೆ. ಮಾರುವಾಕೆ ಒಂದು ಎಲೆ ಹಿಚುಕಿ ಮೂಗಿಗೆ ಹಿಡಿದರು. ಡಬಲ್ಸ್ ಭಾರತದ ತಿಂಡಿ ಎಂದು ಯಾರಾದರೂ ಹೇಳಿದರೆ ನಾನಿನ್ನು ಒಪ್ಪಲಾರೆ.

ಪಕ್ಕದಲ್ಲೇ ಕೆಸುವಿನ ಎಲೆ, ಬೆಂಡೆಕಾಯಿ, ಸಿಹಿಗುಂಬಳದ ಹೋಳು ಒಟ್ಟಿಗೆ ಇಟ್ಟಿದ್ದರು. ಕಲಲೂ ಮಾಡುವವರಿಗೆ. ತೆಂಗಿನಹಾಲಿನಲ್ಲಿ ಇವನ್ನೆಲ್ಲ ಬೇಯಿಸಿ ಕಡೆದರೆ ದಟ್ಟ ಹಸಿರಿನ ಗೊಜ್ಜಾಗುತ್ತದೆ. ಅದಕ್ಕೆ ಏಡಿಯನ್ನೂ ಹಾಕುತ್ತಾರೆ. ಏಡಿಗಳು ಮುಂದಿನ ಮೀನಿನ ಕಟ್ಟೆಯಲ್ಲಿದ್ದವು, ಕಾಲು ಕಟ್ಟಿಸಿಕೊಂಡು, ಜೀವಂತ. ಮೀನುಗಳಲ್ಲಿ ಹೆಚ್ಚಿನವುಗಳ ಗುರುತು ನನಗೆ ಹತ್ತಲಿಲ್ಲ, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಆಚೆ ಬಾಗಿಲ ಬಳಿ ಕರಿದ ತಿಂಡಿಯ ಗಾಜಿನ ಪೆಟ್ಟಿಗೆ. ಸಾಹೀನಾ ನೋಡಿದೊಡನೆ ನಮ್ಮ ಕರಾವಳಿಯ ಪತ್ರೊಡೆ ನೆನಪಾಯಿತು. ಅದೇ ಕೆಸುವಿನ ಎಲೆ. ಆದರೆ ಇಲ್ಲಿ ಬೇಳೆಹಿಟ್ಟು ಬಳಿದು, ಸುರುಳಿ ಸುತ್ತಿ, ಕತ್ತರಿಸಿ ಕರಿಯುತ್ತಾರೆ. ಕುಡಿಯಲು ಮಾಬಿ ಮತ್ತು ಸೋರೆಲ್ ಇದ್ದವು. ಸೋರೆಲ್ ನಮ್ಮ ಪುಂಡಿ ಸೊಪ್ಪಿನ ಜಾತಿಯ ಗಿಡದ್ದು. ಅದರ ಹೂವಿನ ಕೆಂಪು ಪುಷ್ಪಪಾತ್ರೆಯನ್ನು ಲವಂಗ, ಚಕ್ಕೆ ಹಾಕಿ ಕುದಿಸಿ ತಣಿಸುತ್ತಾರೆ. ಕ್ರಿಸ್‌ಮಸ್ ಹೊತ್ತಿನ ಪಾನೀಯವಾದ್ದರಿಂದ ತಾಜಾ ಸಿಕ್ಕಿತು. ಹುಳಿ, ಸಿಹಿ ಎರಡೂ ಹದವಾಗಿತ್ತು. ಮಾಬಿ ಮರದ ತೊಗಟೆಯ ಕಷಾಯ. ಮೊದಲು ಸಿಹಿ, ಗಂಟಲಿಗಿಳಿಯುವಾಗ ಕಹಿ. ಮೊದಲ ಗುಟುಕಿಗೇ ಬೇಡವೆನ್ನಬೇಡಿ. ಎಣ್ಣೆ ತಿಂಡಿಯ ಮೇಲೆ ಇದರ ಕಹಿ ಬಹಳ ಹಿತ.

ರಸ್ತೆ ದಾಟಿದರೆ ರೊಟ್ಟಿ ಅಂಗಡಿ. ಒಳಗೆ ಅಗಲ ಕಾವಲಿಯ ಮೇಲಿನ ಪರೋಟವನ್ನು ಎರಡು ಮರದ ಪಟ್ಟಿಗಳಿಂದ ಬಡಿಯುತ್ತಿದ್ದರು. ಚಿಂದಿಚಿಂದಿಯಾದ ಅದಕ್ಕೆ ಬಸ್-ಅಪ್-ಶಟ್ ಎನ್ನುತ್ತಾರೆ. ಇನ್ನೊಂದು ದಾಲ್‌ಪುರಿ, ಬೇಯಿಸಿ ಪುಡಿಮಾಡಿದ ಬೇಳೆಗೆ ಜೀರಿಗೆ ಸೇರಿಸಿ ಒಳಗೆ ತುಂಬಿದ್ದು. ಜೊತೆಗೆ ಬಾತುಕೋಳಿ, ಆಡಿನ ಮಾಂಸ, ಆಲೂ ಕಡಲೆ, ಸಿಹಿಗುಂಬಳ. ಈಗಷ್ಟೇ ಒಲೆಯಿಂದ ಇಳಿದದ್ದು ಯಾವುದೆಂದು ಕೇಳಿದೆ. ಕೌಂಟರಿನಾಕೆ ಕುಂಬಳದ ತಟ್ಟೆಯನ್ನು ಮುಂದೆ ಸರಿಸಿದರು. ದಾಲ್‌ಪುರಿಯೊಳಗೆ ಅದನ್ನೇ ಕಟ್ಟಿಸಿಕೊಂಡೆ. ಎಷ್ಟು ಹೊತ್ತು ತೆರೆದಿರುತ್ತೀರಿ ಎಂದರೆ ಗಡಿಯಾರ ನೋಡಲಿಲ್ಲ. ಪಾತ್ರೆ ತಳ ಕಾಣುವವರೆಗೆ, ಮಧ್ಯಾಹ್ನ ಒಂದರ ಮೇಲೆ ಬಂದರೆ ಕುಂಬಳ ಸಿಗುವುದಿಲ್ಲ ಎಂದರು.