ಒಂಟಾರಿಯೊ: ‘ಕೆನಡಾ ಅನುಭವ ಬೇಕು’ ಅಂತ ಇನ್ನು ಜಾಹೀರಾತು ಹಾಕೋ ಹಾಗಿಲ್ಲ

ಟೊರೊಂಟೊ ಕಡೆ ಕೆಲಸ ಹುಡುಕ್ತಿರೋರು, ಅಲ್ಲೇ ಕಂಪನಿ ನಡೆಸ್ತಿರೋ ನಮ್ಮೋರು, ಇಬ್ಬರೂ ಕೇಳಬೇಕಾದ ವಿಷಯ ಇದು. ಕೆನಡಾದಲ್ಲಿ ಹೆಚ್ಚಿನ ಕೆಲಸಗಳಿಗೆ ಪ್ರಾಂತ್ಯದ ಕಾನೂನೇ ಅನ್ವಯ. ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ ಹೊಸ ನಿಯಮಗಳು ಜಾರಿಯಾಗಿವೆ.

ಜಾಹೀರಾತು ಹಾಕುವ ದಿನ 25 ಅಥವಾ ಹೆಚ್ಚು ನೌಕರರಿದ್ದರೆ, ಮಾಲೀಕರು ಸಂಬಳ ಎಷ್ಟು ಅಂತ ಅದರಲ್ಲೇ ಹೇಳಬೇಕು. ‘ಇಷ್ಟರಿಂದ ಇಷ್ಟು’ ಅಂತ ಬರೆದರೆ, ಅಂತರ ವರ್ಷಕ್ಕೆ 50,000 ಡಾಲರ್ ಮೀರಬಾರದು. 2 ಲಕ್ಷ ಡಾಲರ್ ದಾಟುವ ಹುದ್ದೆಗೆ ಇದರಿಂದ ವಿನಾಯಿತಿ ಇದೆ. ಹುದ್ದೆ ಈಗ ಖಾಲಿ ಇದೆಯಾ, ಅರ್ಜಿ ಸೋಸೋಕೆ ಎಐ ಬಳಸ್ತಾರಾ ಅನ್ನೋದನ್ನೂ ತಿಳಿಸಬೇಕು. ಸಂದರ್ಶನಕ್ಕೆ ಬಂದವರಿಗೆ, ಕೊನೆಯ ಸಂದರ್ಶನದಿಂದ 45 ದಿನದೊಳಗೆ ನಿರ್ಧಾರ ಆಗಿದೆಯಾ ಇಲ್ವಾ ಅಂತ ಹೇಳಬೇಕು. ದಾಖಲೆಗಳನ್ನು 3 ವರ್ಷ ಇಟ್ಟಿರಬೇಕು.

ನನಗೆ ದೊಡ್ಡದು ಅನ್ಸೋದು ಇನ್ನೊಂದು. ಜಾಹೀರಾತಿನಲ್ಲಿ, ಅರ್ಜಿ ನಮೂನೆಯಲ್ಲಿ ‘ಕೆನಡಾ ಅನುಭವ ಕಡ್ಡಾಯ’ ಅಂತ ಬರೆಯುವಂತಿಲ್ಲ. ಬೆಂಗಳೂರಲ್ಲಿ ಹತ್ತು ವರ್ಷ ದುಡಿದವರನ್ನೂ ಆ ಒಂದು ಸಾಲು ಬಾಗಿಲಲ್ಲೇ ನಿಲ್ಲಿಸ್ತಿತ್ತು. ಹಾಗಂತ ಕೆಲಸ ಸಿಕ್ಕೇ ಸಿಗುತ್ತೆ ಅಂತಲ್ಲ; ಅರ್ಜಿ ಹಾಕೋಕೆ ಅಡ್ಡಿ ಇಲ್ಲ, ಅಷ್ಟೇ.

ಮಾಲೀಕರೇ, ಹಳೇ ಜಾಹೀರಾತನ್ನೇ ಕಾಪಿ-ಪೇಸ್ಟ್ ಮಾಡೋ ಮುಂಚೆ ಒಮ್ಮೆ ಪೂರ್ತಿ ಓದಿಬಿಡಿ.