ಥಂಡಿ ಹೋಗೋದು ಯಾವಾಗ, ಆಣೆಕಲ್ಲು ಬೀಳೋದು ಯಾವಾಗ?

ಪುಷ್ಯ ಬಹುಳ ಬಿದಿಗೆಗೆ ಕೊಪ್ಪಳದ ಗವಿಮಠದ ತೇರು ಎಳೆದಾಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಒಂದು ವಾದ ಶುರುವಾಗುತ್ತದೆ. ಅದು ಯುಗಾದಿಯವರೆಗೂ ಮುಗಿಯುವುದಿಲ್ಲ. ಥಂಡಿ ಇನ್ನೂ ಎಷ್ಟು ದಿನ? ಹೋಗುವ ಮುಂಚೆ ಇನ್ನೊಮ್ಮೆ ತಿರುಗಿ ಬರುತ್ತದೋ? ಬೇಸಿಗೆಯ ಮೊದಲ ಮಳೆ ನೀರಾಗಿ ಬರುತ್ತದೋ, ಆಣೆಕಲ್ಲಾಗಿ ಬರುತ್ತದೋ? ಯಲಬುರ್ಗಾದ ಚಹಾದಂಗಡಿಯಲ್ಲಿ, ಕುಷ್ಟಗಿಯ ಬಸ್ ನಿಲ್ದಾಣದಲ್ಲಿ, ಗಂಗಾವತಿಯ ರೈಸ್ ಮಿಲ್ಲಿನ ಮುಂದೆ ಇದೇ ಮಾತು. ಭೂಗೋಳದ ಮೇಷ್ಟ್ರಾಗಿದ್ದ ನನ್ನನ್ನು ನಡುವೆ ಕೂರಿಸಿ ಕೇಳುತ್ತಾರೆ: 'ಸರ್, ನೀವ ಹೇಳ್ರಿ, ಯಾರದ ಖರೆ?'

ಬೇರೆಯವರದ್ದು ಇರಲಿ, ನಮ್ಮ ಮನೆಯೊಳಗೇ ಎರಡು ಪಕ್ಷ. ನಾನು ಹುಟ್ಟಿದ್ದು ಯಲಬುರ್ಗಾ ತಾಲ್ಲೂಕಿನ ಎರೆಹೊಲದ ಊರು. ಅಲ್ಲಿ ಕಾಕಾ ಇಂದಿಗೂ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಹಾಕುತ್ತಾರೆ. ಅಕ್ಕನನ್ನು ಕೊಟ್ಟಿದ್ದು ಗಂಗಾವತಿ ಕಡೆಯ ಭತ್ತದ ಊರಿಗೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ. ಜನವರಿ ಬಂದರೆ ಕಾಕಾ ಹೇಳುವುದು, 'ಥಂಡಿ ಇನ್ನ ಸ್ವಲ್ಪ ದಿನ ಇರಲೆಪಾ, ಕಾಳ ತುಂಬಬೇಕು.' ಅದೇ ದಿನ ಮಾವ ಫೋನಿನಲ್ಲಿ, 'ಈ ಥಂಡಿ ಹೋದ್ರ ಸಾಕಾಗೈತಿ, ಸಸಿ ಹಳದಿ ತಿರುಗಾಕ ಹತ್ಯಾವ.' ಇಬ್ಬರದೂ ಸರಿಯೇ. ಎರೆಹೊಲದ ಕಡಲೆಗೆ ಮಳೆ ನಿಂತ ಮೇಲೆ ಉಳಿಯುವುದು ಮಣ್ಣೊಳಗಿನ ಹಸಿ ಮತ್ತು ರಾತ್ರಿಯ ತಂಪು. ಹೂ-ಕಾಯಿಯ ಹೊತ್ತಿನಲ್ಲಿ ಬಿಸಿಲು ಏರಿದರೆ ಹೂ ಉದುರುತ್ತದೆ, ಕಾಳು ಜೊಳ್ಳಾಗುತ್ತದೆ. ಎರಡನೇ ಬೆಳೆಯ ಭತ್ತದ ಕಥೆ ಇದಕ್ಕೆ ತಿರುವುಮುರುವು. ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಸಸಿಮಡಿಯಲ್ಲಿ ಬೆಳವಣಿಗೆ ಕುಂಟುತ್ತದೆ, ನಾಟಿ ತಡವಾಗುತ್ತದೆ. ತಡವಾದ ಭತ್ತ ಕೊಯ್ಲಿಗೆ ಬರುವುದು ಗುಡುಗು-ಗಾಳಿಯ ದಿನಗಳಲ್ಲಿ.

ಕೊಪ್ಪಳದ ಸುತ್ತ ಕೇಸರ್ ಮಾವು ಹಾಕಿದವರದು ಮೂರನೆಯ ಪಕ್ಷ. ಹೂ ಹೊರಡಲು ಅವರಿಗೆ ಚಳಿ ಬೇಕು. ಹೊರಟ ಮೇಲೆ ಕಾವಳ ಬೇಡ, ಮೋಡ ಬೇಡ. ಕಾವಳ ಕವಿದು ತೇವ ನಿಂತರೆ ಹೂಗೊಂಚಲಿಗೆ ಬೂದಿರೋಗ, ಅದರ ಬೆನ್ನಿಗೆ ಜಿಗಿಹುಳು.

ಇನ್ನು ಶಿವರಾತ್ರಿಯ ವಿಷಯ. 'ಶಿವ ಶಿವಾ ಅಂತ ಥಂಡಿ ಹೋಗ್ತೈತಿ' ಎಂಬ ಮಾತನ್ನು ಕೇಳದ ಮನೆಯಿಲ್ಲ. ಈ ಮಾತನ್ನು ಪಂಚಾಂಗದ ಜೊತೆ ಇಟ್ಟು ನೋಡಬೇಕು. 2024ರಲ್ಲಿ ಮಹಾಶಿವರಾತ್ರಿ ಬಂದದ್ದು ಮಾರ್ಚ್ 8ಕ್ಕೆ, 2025ರಲ್ಲಿ ಫೆಬ್ರವರಿ 26ಕ್ಕೆ, 2026ರಲ್ಲಿ ಫೆಬ್ರವರಿ 15ಕ್ಕೆ. ಮೂರು ವಾರದ ಅಂತರ. ಚಂದ್ರನ ಲೆಕ್ಕದ ವರ್ಷಕ್ಕೆ 354 ದಿನ. ಸೂರ್ಯನಿಗಿಂತ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ಥಂಡಿಗೆ ಚಂದ್ರನ ಹಂಗಿಲ್ಲ, ಅದು ಸೂರ್ಯನನ್ನು ಮಾತ್ರ ಕೇಳುತ್ತದೆ. ಫೆಬ್ರವರಿ 15ರ ಮಧ್ಯಾಹ್ನ ಕೊಪ್ಪಳದಲ್ಲಿ ಸೂರ್ಯ ದಿಗಂತದಿಂದ ಸುಮಾರು 62 ಡಿಗ್ರಿ ಮೇಲಿದ್ದರೆ ಮಾರ್ಚ್ 8ಕ್ಕೆ 70 ಡಿಗ್ರಿಗೆ ಏರಿರುತ್ತಾನೆ. ಮೇ ಮೊದಲ ವಾರ ನೇರ ನೆತ್ತಿಗೆ ಬರುತ್ತಾನೆ. ಆದ್ದರಿಂದ ಮಾರ್ಚಿನ ಶಿವರಾತ್ರಿಗೆ ಜಾಗರಣೆ ಕೂತವರು ಸೆಕೆಯ ಮಾತಾಡುತ್ತಾರೆ, ಫೆಬ್ರವರಿ ನಡುವಿನ ಶಿವರಾತ್ರಿಗೆ ಕೂತವರು ಕೌದಿ ಹೊದೆಯುತ್ತಾರೆ.

ನಮ್ಮ ಹಿರಿಯರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಹಬ್ಬಕ್ಕೆ ಅವರು ಚಂದ್ರನನ್ನು ನೋಡಿದರು, ಮಳೆಗೆ ಸೂರ್ಯನನ್ನು. ಅಶ್ವಿನಿ, ಭರಣಿ, ಕೃತ್ತಿಕಾ ಎಂದು ನಾವು ಹೆಸರಿಡುವ ಮಳೆಗಳೆಲ್ಲ ಸೂರ್ಯ ಆಯಾ ನಕ್ಷತ್ರದಲ್ಲಿರುವ ದಿನಗಳು. ಅದಕ್ಕೇ ಅಶ್ವಿನಿ ಪ್ರತಿ ವರ್ಷ ಏಪ್ರಿಲ್ 14ರ ಆಸುಪಾಸಿಗೇ, ಭರಣಿ 27ರ ಆಸುಪಾಸಿಗೇ ಹಿಡಿಯುತ್ತದೆ. ಅದೇ ಲೆಕ್ಕವನ್ನು ಹಿಂದಕ್ಕೆ ಎಳೆದರೆ ಧನಿಷ್ಠಾ ಫೆಬ್ರವರಿ 6ಕ್ಕೆ, ಶತಭಿಷಾ 19ಕ್ಕೆ, ಪೂರ್ವಾಭಾದ್ರಾ ಮಾರ್ಚ್ 4ಕ್ಕೆ ಬರುತ್ತವೆ. ಥಂಡಿಯ ವಾದವನ್ನು ಶಿವರಾತ್ರಿಗೆ ಕಟ್ಟಿಹಾಕುವ ಬದಲು ಈ ನಕ್ಷತ್ರಗಳಿಗೆ ಕಟ್ಟಿದರೆ ಅರ್ಧ ಜಗಳ ಅಲ್ಲಿಗೇ ತೀರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಳಿದರ್ಧ ಜಗಳ ಉತ್ತರದಿಂದ ಬರುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಜನವರಿ 30ರವರೆಗಿನ ನಲವತ್ತು ದಿನಗಳನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ. ಹಿಮ ಇನ್ನೊಮ್ಮೆ ಬೀಳುತ್ತದೆಯೇ ಎಂಬ ವಾದ ಅಲ್ಲಿ ನಡೆಯುವುದು ಈ ಕೊನೆಯ ದಿನಗಳಲ್ಲೇ. ಅಲ್ಲಿಯ ಹಿಮಕ್ಕೂ ಕುಷ್ಟಗಿಗೂ ಏನು ಸಂಬಂಧ ಎಂದು ಕೇಳಬೇಡಿ. ಸಂಬಂಧ ಇದೆ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ವಾಯುಕ್ಷೋಭೆಗಳು ಹಿಮಾಲಯದಲ್ಲಿ ಹಿಮ ಸುರಿಸಿ ದಾಟಿದ ಮೇಲೆ ಅವುಗಳ ಬೆನ್ನಿಗೆ ಒಣ, ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ಒಮ್ಮೊಮ್ಮೆ ಅದು ದಖ್ಖನ್ ಪ್ರಸ್ಥಭೂಮಿಯವರೆಗೂ ಬರುತ್ತದೆ. ಆಕಾಶ ತಿಳಿಯಾಗಿದ್ದರೆ ರಾತ್ರಿ ನೆಲ ಬೇಗ ಆರುತ್ತದೆ. ಹೋಯಿತೆಂದ ಥಂಡಿ ತಿರುಗಿ ಬಂತು ಎಂದು ನಾವು ಹೇಳುವುದು ಇಂಥ ದಿನಗಳಿಗೆ.

ಹಾಗಾದರೆ ನಮ್ಮಲ್ಲಿ ಹಿಮ ಯಾಕೆ ಬೀಳುವುದಿಲ್ಲ? ಶಾಲೆಯಲ್ಲಿ ಮಕ್ಕಳು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಇದು. ನನ್ನ ಉತ್ತರ ಕೇಳಿ ಅವರ ಕಣ್ಣು ಅರಳುತ್ತಿದ್ದವು: ಬೀಳುತ್ತದೆ, ಆದರೆ ನೆಲ ಮುಟ್ಟುವುದಿಲ್ಲ. ನಮ್ಮ ಮೇಲಿನ ಗಾಳಿ ಸೊನ್ನೆ ಡಿಗ್ರಿಗೆ ಇಳಿಯುವುದು ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿ. ಯಲಬುರ್ಗಾದ ಮೇಲೆ ದೊಡ್ಡ ಗುಡುಗು ಮೋಡ ಎದ್ದರೆ ಅದರ ತಲೆ ಹತ್ತು-ಹನ್ನೆರಡು ಕಿಲೋಮೀಟರ್ ಮುಟ್ಟುತ್ತದೆ. ಆ ಮೇಲುಭಾಗದಲ್ಲಿ ಹಿಮದ ಹರಳು ಹುಟ್ಟಿ ಬೀಳುತ್ತಲೇ ಇರುತ್ತವೆ. ಕೆಳಗಿನ ಬಿಸಿ ಗಾಳಿಗೆ ಕರಗಿ ನಮಗೆ ದಪ್ಪ ಹನಿಯಾಗಿ ಸಿಗುತ್ತವೆ. ಹಿಮಕ್ಕೆ ಆಗದ್ದು ಆಣೆಕಲ್ಲಿಗೆ ಆಗುತ್ತದೆ. ಸೊನ್ನೆಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ಉಳಿದ ನೀರಹನಿಗಳು ಮೋಡದೊಳಗೆ ತುಂಬಿರುತ್ತವೆ. ಮೇಲೇರುವ ಗಾಳಿ ಹಿಮದ ಕಾಳೊಂದನ್ನು ಬೀಳಗೊಡದೆ ಎತ್ತಿ ಹಿಡಿದಷ್ಟು ಹೊತ್ತು ಆ ಹನಿಗಳು ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ, ಕೋಸಂಬರಿಯ ಹೆಸರುಕಾಳಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗುವವರೆಗೆ. ಗಾಳಿಗೆ ಹೊರಲಾರದಷ್ಟು ಭಾರವಾದಾಗ ಕೆಳಗೆ ಬೀಳುತ್ತದೆ. ಆ ವೇಗದಲ್ಲಿ ಪೂರ್ತಿ ಕರಗುವಷ್ಟು ಪುರಸೊತ್ತು ಅದಕ್ಕಿಲ್ಲ.

ಇದು ಮಾರ್ಚ್, ಏಪ್ರಿಲ್, ಮೇ ತಿಂಗಳ ಕೆಲಸ. ಆಗ ನೆಲ ಕಾದಿರುತ್ತದೆ. ಒಳನಾಡು ಕರ್ನಾಟಕದಿಂದ ಮರಾಠವಾಡ, ವಿದರ್ಭದ ಕಡೆಗೆ ಗಾಳಿಯ ದಿಕ್ಕು ಮುರಿಯುವ ಒಂದು ಗೆರೆ ಮೂಡುತ್ತದೆ. ಒಂದು ಬದಿಯಿಂದ ಬಂಗಾಳ ಕೊಲ್ಲಿಯ ತೇವ, ಇನ್ನೊಂದು ಬದಿಯಿಂದ ಒಣಗಾಳಿ ಅಲ್ಲಿ ಸೇರುತ್ತವೆ. ಮಧ್ಯಾಹ್ನ ಮೂರರ ಮೇಲೆ ಮೋಡ ಎದ್ದರೆ ಸಂಜೆಗೆ ಗುಡುಗು. ಹವಾಮಾನ ವರದಿಯಲ್ಲಿ ಈ ಗೆರೆಯ ಹೆಸರಾದ 'ಟ್ರಫ್' ಎಂಬ ಮಾತು ಕೇಳಿಬಂದರೆ ನಮ್ಮ ಕಡೆಯವರು ಕಿವಿಗೊಡಬೇಕು. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ದಿನಗಟ್ಟಲೆ ಬಿದ್ದ ಆಣೆಕಲ್ಲನ್ನು ದ್ರಾಕ್ಷಿ, ದಾಳಿಂಬೆ, ಜೋಳ ಹಾಕಿದವರು ಮರೆತಿಲ್ಲ. ದಾಳಿಂಬೆಗೆ ಕಲ್ಲು ತಗಲಿದ ಗಾಯದಲ್ಲೇ ದುಂಡಾಣು ಅಂಗಮಾರಿ ಒಳಹೋಗುತ್ತದೆ. ಕುಷ್ಟಗಿಯ ದಾಳಿಂಬೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಕಾರದು ಇನ್ನೊಂದು ನಂಬಿಕೆ ಇದೆ: ಇವತ್ತು ಕಾವಳ ಬಿದ್ದರೆ ಆರು ತಿಂಗಳಿಗೆ ಮಳೆ. ಇದು ಬಹಳ ಹಳೆಯದು. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಮೋಡ ಗರ್ಭ ಕಟ್ಟಿದ 195 ದಿನಕ್ಕೆ ಮಳೆ ಹಡೆಯುತ್ತದೆ ಎಂದು ಲೆಕ್ಕ ಕೊಟ್ಟಿದ್ದಾನೆ. ಫೆಬ್ರವರಿ 10ರ ಕಾವಳಕ್ಕೆ ಆಗಸ್ಟ್ 24ರ ಮಳೆ ಎಂದಾಯಿತು. ಆಗಸ್ಟಿನಲ್ಲಿ ಹೇಗೂ ಮಳೆಗಾಲ, ಹತ್ತಿರದ ಯಾವುದಾದರೂ ದಿನ ಹನಿ ಬಿದ್ದೇ ಬೀಳುತ್ತದೆ. ಹಾಗಾಗಿ ಈ ಲೆಕ್ಕವನ್ನು ನೆಚ್ಚಿ ಬಿತ್ತನೆ ಮಾಡಬೇಡಿ ಎಂದೇ ನಾನು ಹೇಳುವುದು. ಆದರೆ ಕಾವಳದ ದಿನವನ್ನು ಗುರುತು ಹಾಕಿಕೊಂಡು ಆರು ತಿಂಗಳು ಕಾದು ತಾಳೆ ನೋಡುವ ಆ ತಾಳ್ಮೆ ಇದೆಯಲ್ಲ, ಅದು ನಿಜವಾದ ವಿಜ್ಞಾನದ ಮೊದಲ ಹೆಜ್ಜೆ. ಅದಕ್ಕೆ ನನ್ನ ಪೂರ್ಣ ಗೌರವವಿದೆ.

ಈಗ ಆ ತಾಳ್ಮೆ ಹಿಂದಿಗಿಂತ ಹೆಚ್ಚು ಬೇಕು, ಯಾಕೆಂದರೆ ಫೆಬ್ರವರಿಯೇ ಬದಲಾಗುತ್ತಿದೆ. 1901ರಿಂದ ಇರುವ ದಾಖಲೆಯಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ ದೇಶದಲ್ಲಿ ಅತಿ ಹೆಚ್ಚಾಗಿದ್ದ ಫೆಬ್ರವರಿ 2023ರದ್ದು ಎಂದು ಭಾರತೀಯ ಹವಾಮಾನ ಇಲಾಖೆ ಹೇಳಿತು. ಎರಡೇ ವರ್ಷಕ್ಕೆ, 2025ರ ಫೆಬ್ರವರಿ ಒಟ್ಟು ಸರಾಸರಿಯಲ್ಲಿ ಅದೇ ಪಟ್ಟಕ್ಕೇರಿತು. ಕಾಕಾ ಬೇಡುವ ಥಂಡಿ ಕಡಿಮೆಯಾಗುತ್ತಿದೆ. ಕಡಲೆಯನ್ನು ಸಕಾಲಕ್ಕೆ ಬಿತ್ತುವುದು, ಬೇಗ ಕಟಾವಿಗೆ ಬರುವ ತಳಿ ಹಿಡಿಯುವುದು ಈಗ ಬರೀ ಸಲಹೆಯಲ್ಲ, ಅಗತ್ಯ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಇಂದು ಪಂಚಾಯಿತಿ ಪಂಚಾಯಿತಿಗೂ ಇದೆ. ಅದರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಊರಿನ ಮುನ್ಸೂಚನೆಯನ್ನು ಕನ್ನಡದಲ್ಲೇ ಹೇಳುತ್ತಾರೆ. ಆದರೆ ಮಳೆಮಾಪಕ ಅಳೆಯುವುದು ನೀರನ್ನು. ಬಿದ್ದದ್ದು ಕಲ್ಲೋ ಹನಿಯೋ ಎಂಬುದು ಅದಕ್ಕೆ ತಿಳಿಯದು. ಕಲ್ಲಿನ ಮಳೆ ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಬೀಳುತ್ತದೆ. ಒಂದು ಊರಿನ ಮಾವು ನೆಲಕ್ಕುರುಳಿದಾಗ ಪಕ್ಕದ ಊರಿನಲ್ಲಿ ಬರೀ ಗಾಳಿ ಬೀಸಿರಬಹುದು. ಅದನ್ನು ಕಂಡವರು ನಾವು, ಬರೆದಿಡಬೇಕಾದವರೂ ನಾವೇ.

ಓದುಗರಲ್ಲಿ ನನ್ನದೊಂದು ಬೇಡಿಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಇದಕ್ಕೂ ಜಾಗ ಕೊಡಿ: ಕಾವಳ ಬಿದ್ದ ದಿನ, ಮಾವಿನ ಮೊದಲ ಹೂ, ಬೇವಿನ ಮೊದಲ ಹೂ, ಆಣೆಕಲ್ಲು ಬಿದ್ದ ದಿನ, ಹೊತ್ತು, ಎಷ್ಟು ನಿಮಿಷ, ಎಷ್ಟು ದಪ್ಪ. ಕಲ್ಲಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಬೆಳೆ ವಿಮೆ ಮಾಡಿಸಿದ್ದರೆ ಫಸಲ್ ಬಿಮಾ ಯೋಜನೆಯ ನಿಯಮದಂತೆ ಆಣೆಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆಗೂ 14 ದಿನದವರೆಗೆ ಈ ರಕ್ಷಣೆ ಉಂಟು. ಮಳೆ ನಿಂತ ಸಂಜೆಯೇ ಹೊಲಕ್ಕೆ ಹೋಗಿ ನೋಡಿ, ಮರುದಿನವೇ ದೂರು ಕೊಡಿ.